ಏಕಶಿಲೆಯ ನಾಡಿನಲ್ಲಿ ಸ್ವೀಡನ್ನಿನ ಆಟ

ಮಧುಗಿರಿಯ ಯಾವ ಬೀದಿಯಲ್ಲಿ ನಿಂತು ತಲೆಯೆತ್ತಿದರೂ ಕಣ್ತುಂಬುವುದು ಒಂದೇ ಕಲ್ಲು. ಸಮುದ್ರಮಟ್ಟದಿಂದ 3,930 ಅಡಿ ಎತ್ತರದ ಈ ಬೆಟ್ಟ ಏಷ್ಯಾದ ಬೃಹತ್ ಏಕಶಿಲೆಗಳಲ್ಲಿ ಒಂದೆಂದು ಖ್ಯಾತಿವೆತ್ತದ್ದು. ಅದನ್ನು ಏರುವ ಅನುಭವವೇ ವಿಲಕ್ಷಣ. ಬುಡದಲ್ಲಿ ಸಾವಧಾನದ ಮೆಟ್ಟಿಲುಗಳು; ಒಂದು ಬಾಗಿಲು ದಾಟಿದರೆ ಇನ್ನಷ್ಟು ಕಡಿದಾದ ಇನ್ನೊಂದು ಹಂತ; ಅದರಾಚೆ ಬೋಳು ಬಂಡೆಯ ಮೇಲೆ ಕಾಲಿನ ಬೆರಳೂರಲು ಕೊರೆದ ಕಚ್ಚುಗಳು, ಕೈಗೆ ಆಸರೆಯಾಗಿ ಕಬ್ಬಿಣದ ಕಂಬಿ. ತುದಿ ತಲುಪಿದವನಿಗೆ ಗೋಪಾಲಕೃಷ್ಣ ದೇಗುಲದ ಅವಶೇಷವೂ ನಾಲ್ಕೂ ದಿಕ್ಕಿನ ಬಯಲೂ ಬಹುಮಾನ. ಹಂತ, ಅಡ್ಡಿ, ಅಪಾಯ, ಬಹುಮಾನ: ವಿಡಿಯೊ ಗೇಮ್ ರಚಿಸುವವರು ತಿಂಗಳುಗಟ್ಟಲೆ ಕುಳಿತು ಲೆಕ್ಕ ಹಾಕುವ ವಿನ್ಯಾಸ ಇಷ್ಟೇ. ಹದಿನೇಳನೆಯ ಶತಮಾನದ ಕೋಟೆಗಾರರು ಅದನ್ನು ಕಲ್ಲಿನಲ್ಲಿ ಸಾಧಿಸಿಬಿಟ್ಟಿದ್ದರು.

ಆ ಬೆಟ್ಟದ ನಡುದಾರಿಯ ನೆರಳಿನಲ್ಲಿ ದಣಿವಾರಿಸಿಕೊಳ್ಳುವ ಕಾಲೇಜು ಹುಡುಗರ ಕೈಯಲ್ಲಿರುವುದು ಮೊಬೈಲ್. ತೆರೆಯ ಮೇಲೆ ಬಣ್ಣಬಣ್ಣದ ಮಿಠಾಯಿಗಳು ಸಾಲುಗೂಡಿ ಸಿಡಿಯುತ್ತಿದ್ದರೆ ಅದು ಕ್ಯಾಂಡಿ ಕ್ರಷ್. ಚೌಕಾಕಾರದ ಇಟ್ಟಿಗೆಗಳ ಲೋಕವೊಂದು ಮೇಲೇಳುತ್ತಿದ್ದರೆ ಅದು ಮೈನ್‌ಕ್ರಾಫ್ಟ್. ಎರಡರ ತವರೂ ಸ್ವೀಡನ್ನಿನ ರಾಜಧಾನಿ ಸ್ಟಾಕ್‌ಹೋಮ್. ದೀರ್ಘ ಚಳಿಗಾಲದ ಹಿಮ, ಕತ್ತಲೆ ಕಂಡ ದೇಶವೊಂದರ ಕಲ್ಪನೆ, ಮಳೆಯನ್ನೇ ಕಾಯುವ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳ ಜೇಬಿನೊಳಗೆ ಬಂದು ಕುಳಿತಿದೆ. ಕುಳಿತಿರುವುದು ಆಟವೊಂದೇ ಅಲ್ಲ. ಪಾವಗಡದ ಅಂಗಡಿಯಾತನ ಫೋನ್ ರಿಂಗಾದಾಗ ಕರೆದವರ ಹೆಸರು ತೋರಿಸುವ ಟ್ರೂಕಾಲರ್ 2009ರಲ್ಲಿ ಹುಟ್ಟಿದ್ದು ಸ್ಟಾಕ್‌ಹೋಮಿನಲ್ಲಿ. ಅದಕ್ಕೆ ಇಂದು ಅತಿದೊಡ್ಡ ಮಾರುಕಟ್ಟೆ ಭಾರತ. ನಂದಿನಿಯ ಗುಡ್‌ಲೈಫ್ ಹಾಲು ಫ್ರಿಜ್ ಇಲ್ಲದೆಯೂ ಕೆಡದೆ ಉಳಿಯುವ ಟೆಟ್ರಾ ಪ್ಯಾಕ್ ಸ್ವೀಡನ್ನಿನ ಲುಂಡ್ ನಗರದಲ್ಲಿ 1951ರಲ್ಲಿ ಸ್ಥಾಪನೆಯಾದ ಸಂಸ್ಥೆಯ ಕೊಡುಗೆ. ಐರಾವತ ಬಸ್ಸಿನ ಮೆತ್ತನೆಯ ಸೀಟಿಗೆ ನಮ್ಮ ಜನ ಇಟ್ಟ ಹೆಸರೇ ‘ವೋಲ್ವೊ’. ಅದರ ಕಾರ್ಖಾನೆ ಇರುವುದು ಹೊಸಕೋಟೆಯಲ್ಲಿ, ಮೂಲ ಗೋಥೆನ್‌ಬರ್ಗ್‌ನಲ್ಲಿ.

ಈ ನಾಲ್ಕು ತಾಲ್ಲೂಕುಗಳಿಂದ ಬೆಂಗಳೂರಿಗೆ ಹೊರಟವರಿಗೆ ಸ್ವೀಡನ್ ಇನ್ನೂ ದೊಡ್ಡದಾಗಿ ಎದುರಾಗುತ್ತದೆ. ಶಿರಾದವರು ತುಮಕೂರು ಹಾದು ಬರಲಿ, ಮಧುಗಿರಿ-ಕೊರಟಗೆರೆಯವರು ದಾಬಸ್‌ಪೇಟೆಗೆ ಬಂದು ಹೆದ್ದಾರಿ ಸೇರಲಿ, ನೆಲಮಂಗಲ ದಾಟಿದ ಮೇಲೆ ನಾಗಸಂದ್ರದಲ್ಲಿ ನೀಲಿ ಗೋಡೆಯ ಮೇಲೆ ಹಳದಿ ಅಕ್ಷರಗಳ ಐಕಿಯ ಮಳಿಗೆ ಕಾಣಲೇಬೇಕು. 1943ರಲ್ಲಿ ಸ್ವೀಡನ್ನಿನ ಹಳ್ಳಿಗಾಡಿನ ತರುಣ ಇಂಗ್ವಾರ್ ಕಾಂಪ್ರಾಡ್ ಆರಂಭಿಸಿದ ಈ ವ್ಯಾಪಾರ 2022ರ ಜೂನ್ 22ರಂದು ಇಲ್ಲಿ ಸುಮಾರು 4.6 ಲಕ್ಷ ಚದರಡಿಯ ಕಟ್ಟಡವಾಗಿ ಬಾಗಿಲು ತೆರೆಯಿತು. ಮೊದಲ ವಾರಾಂತ್ಯದಲ್ಲಿ ಒಳಹೋಗಲು ಗಂಟೆಗಟ್ಟಲೆ ಸರದಿ. ಮೇಜು-ಕುರ್ಚಿಯ ಅಂಗಡಿಗೆ ನಾಯಕನಟನ ಚಿತ್ರದ ಮೊದಲ ದಿನದ ಮೊದಲ ಪ್ರದರ್ಶನಕ್ಕೆ ಸೇರುವಂಥ ಜನ! ಅಲ್ಲಿಂದ ಅದೇ ರಸ್ತೆಯಲ್ಲಿ ಪೀಣ್ಯ ದಾಟಿ ಗೊರಗುಂಟೆಪಾಳ್ಯದತ್ತ ಬಂದರೆ ಕಂಠೀರವ ಸ್ಟುಡಿಯೊ, ಡಾ. ರಾಜ್‌ಕುಮಾರ್, ಪಾರ್ವತಮ್ಮ, ಪುನೀತ್ ಅವರ ಸಮಾಧಿಗಳು. ಕನ್ನಡ ಅಭಿಮಾನದ ಮಹಾಕ್ಷೇತ್ರಕ್ಕೂ ಸ್ವೀಡನ್ನಿನ ಮಹಾಮಳಿಗೆಗೂ ನಡುವೆ ಕೆಲವೇ ಮೆಟ್ರೊ ನಿಲ್ದಾಣಗಳ ಅಂತರ.

ಒಂದು ಕೋಟಿಯ ಆಸುಪಾಸಿನ ಜನಸಂಖ್ಯೆಯ ದೇಶ ಇಡೀ ಜಗತ್ತಿನ ಬಿಡುವಿನ ವೇಳೆಯನ್ನು ಆಳುವಂತಾದದ್ದು ಹೇಗೆ? ಚಳಿಗಾಲದ ದೀರ್ಘ ರಾತ್ರಿಯೇ ಕಾರಣವೆಂದು ಹೇಳಿ ಕೈತೊಳೆದುಕೊಳ್ಳುವವರಿದ್ದಾರೆ. ಚಳಿ ಬೇರೆ ದೇಶಗಳಲ್ಲಿಯೂ ಇದೆ. ಸ್ವೀಡನ್ 1998ರಲ್ಲಿ ತಂದ ತೆರಿಗೆ ಸುಧಾರಣೆಯೊಂದು ನೌಕರರು ತಮ್ಮ ಸಂಸ್ಥೆಯ ಮೂಲಕ ಅಗ್ಗದಲ್ಲಿ ಮನೆಗೆ ಕಂಪ್ಯೂಟರ್ ಒಯ್ಯಲು ದಾರಿ ಮಾಡಿತು. ಕಾರ್ಮಿಕನ ಮನೆಯ ಮಗುವಿಗೂ ಕೀಲಿಮಣೆ ದಕ್ಕಿತು. ಮಲುಂಗ್ ಎಂಬ ಪುಟ್ಟ ಊರಿನ ಶಾಲೆಯೊಂದರಲ್ಲಿ 1994ರಲ್ಲಿ ಗೆಳೆಯರು ಕಂಪ್ಯೂಟರ್ ಹೊತ್ತು ತಂದು ಜೋಡಿಸಿ ಆಡಿದ ಕೂಟ ‘ಡ್ರೀಮ್‌ಹ್ಯಾಕ್’ ಎಂಬ ಜಾಗತಿಕ ಉತ್ಸವವಾಗಿ ಬೆಳೆಯಿತು. 2018ರಲ್ಲಿ ಅದು ಮುಂಬೈಗೂ ಬಂತು. ಆಟಗಾರ ಯುವಜನರ ಸಂಘಗಳನ್ನು ಒಗ್ಗೂಡಿಸಿದ ‘ಸ್ವೆರೋಕ್’ 1988ರಷ್ಟು ಹಿಂದೆಯೇ ಸ್ಥಾಪನೆಯಾದ ಒಕ್ಕೂಟ. ಅಂದರೆ ಆಟವನ್ನು ಅಲ್ಲಿನ ಸಮಾಜ ಕೆಟ್ಟ ಚಟವೆಂದು ಮೂಲೆಗೊತ್ತಲಿಲ್ಲ. ಓದು, ಸಂಗೀತ, ಕ್ರೀಡೆಗಳ ಪಂಕ್ತಿಯಲ್ಲಿಯೇ ಕೂರಿಸಿತು. ಅದರ ಫಲ ಎಲ್ಲರಿಗೂ ತಿಳಿದದ್ದು. ಮಾರ್ಕುಸ್ ಪೆರ್ಸೊನ್ ಎಂಬಾತ 2009ರಲ್ಲಿ ಒಬ್ಬನೇ ಕುಳಿತು ಹೊರತಂದ ಮೈನ್‌ಕ್ರಾಫ್ಟ್ ಅನ್ನು, ಅದರ ಕಂಪನಿ ಮೊಯಾಂಗ್ ಸಮೇತ, 2014ರಲ್ಲಿ ಮೈಕ್ರೊಸಾಫ್ಟ್ 250 ಕೋಟಿ ಡಾಲರ್ ತೆತ್ತು ಕೊಂಡಿತು. 2023ರ ವೇಳೆಗೆ ಅದರ ಮೂವತ್ತು ಕೋಟಿ ಪ್ರತಿಗಳು ಮಾರಾಟವಾಗಿದ್ದವು.

ಆಟಕ್ಕೆ ಮರ್ಯಾದೆ ಕೊಡುವ ಈ ಸ್ವಭಾವ ಸ್ವೀಡನ್ನೊಂದರದೇ ಸ್ವತ್ತೇನಲ್ಲ. ಸಸ್ಯಗಳಿಗೆ ಜೋಡಿ ಹೆಸರಿಡುವ ಪದ್ಧತಿಯನ್ನು ಜಗತ್ತಿಗೆ ಕೊಟ್ಟ ಕಾರ್ಲ್ ಲಿನೇಯಸ್ 1732ರಲ್ಲಿ ಲ್ಯಾಪ್‌ಲ್ಯಾಂಡಿನ ಪ್ರವಾಸ ಕೈಗೊಂಡಾಗ ಅಲ್ಲಿನ ಸಾಮಿ ಜನರ ‘ತಾಬ್ಲುತ್’ ಎಂಬ ಮಣೆಯಾಟವನ್ನು ದಿನಚರಿಯಲ್ಲಿ ಬರೆದಿಟ್ಟ. ಒಂಬತ್ತು ಒಂಬತ್ತರ ಮನೆಗಳು. ನಡುವೆ ರಾಜ, ಅವನ ಸುತ್ತ ಎಂಟು ಅಂಗರಕ್ಷಕರು. ಹೊರಗಿನಿಂದ ಮುತ್ತುವವರು ಹದಿನಾರು. ಎರಡು ಪಕ್ಷಗಳ ಬಲ ಸಮವಿಲ್ಲ, ಗುರಿಯೂ ಒಂದೇ ಅಲ್ಲ. ನಮ್ಮ ಹುಲಿ-ಕುರಿ ಆಟ ಬಲ್ಲವರಿಗೆ ಇದು ತಟ್ಟನೆ ಅರ್ಥವಾಗುತ್ತದೆ: ಮೂರು ಹುಲಿ, ಹದಿನೈದು ಕುರಿ, ಹುಲಿ ಹಾರಿ ತಿನ್ನಬೇಕು, ಕುರಿ ಗುಂಪುಗೂಡಿ ಹುಲಿಯನ್ನು ಕಟ್ಟಿಹಾಕಬೇಕು. ಗುಡಿಯ ಜಗುಲಿಗಳ ಚಪ್ಪಡಿ ಕಲ್ಲಿನಲ್ಲಿ ಉಳಿಯ ಮೊನೆಯಿಂದ ಗೀರಿದ ಹುಲಿ-ಕುರಿ, ಚೌಕಾಬಾರದ ಮನೆಗಳನ್ನು ಹುಡುಕಿದರೆ ಇಂದಿಗೂ ಕಾಣಬಹುದು. ಸವೆದು ನುಣುಪಾದ ಆ ಗೆರೆಗಳ ಮೇಲೆ ಎಷ್ಟು ತಲೆಮಾರಿನ ಬೆರಳಾಡಿದೆಯೋ. ಮುಮ್ಮಡಿ ಕೃಷ್ಣರಾಜ ಒಡೆಯರಂತೂ ಮಣೆಯಾಟಗಳನ್ನು ಸ್ವತಃ ರೂಪಿಸಿ, ಅವುಗಳಿಗಾಗಿ ಗ್ರಂಥವನ್ನೇ ಬರೆಸಿದ ದೊರೆ.

ಇದಕ್ಕಿಂತ ಬೆರಗಿನ ಸಾಮ್ಯ ಇನ್ನೊಂದಿದೆ. ವೇಷ ತೊಟ್ಟು, ಪಾತ್ರವಾಗಿಯೇ ಒಂದಿಡೀ ರಾತ್ರಿ ಬದುಕುವ ಪಾತ್ರಧಾರಣೆಯ ಆಟಕ್ಕೆ ಸ್ವೀಡನ್ ಮತ್ತು ಅದರ ನೆರೆಯ ನಾಡುಗಳು ಜಗತ್ಪ್ರಸಿದ್ಧ. ಕಾಡಿನಲ್ಲೋ ಹಳೆಯ ಕೋಟೆಯಲ್ಲೋ ಕೂಡಿ ಒಬ್ಬ ರಾಜನಾಗುತ್ತಾನೆ, ಒಬ್ಬ ಬೇಹುಗಾರನಾಗುತ್ತಾನೆ; ಅದರ ಬಗ್ಗೆ ಸಮ್ಮೇಳನಗಳು, ಪುಸ್ತಕಗಳು. ತುಮಕೂರು ಜಿಲ್ಲೆಯ ಹಳ್ಳಿಗಳಿಗೆ ಇದರಲ್ಲಿ ಹೊಸತೇನಿದೆ? ಇಲ್ಲಿ ಬೇಸಿಗೆ ಬಂತೆಂದರೆ ‘ಕುರುಕ್ಷೇತ್ರ’. ರೈತ, ಬಸ್ ಚಾಲಕ, ಮೇಷ್ಟರು, ಗ್ರಾಮ ಪಂಚಾಯಿತಿ ಸದಸ್ಯ ಸೇರಿ ತಂಡ ಕಟ್ಟುತ್ತಾರೆ. ಹಾರ್ಮೋನಿಯಂ ಮೇಷ್ಟರು ತಿಂಗಳುಗಟ್ಟಲೆ ರಾತ್ರಿ ಊಟದ ನಂತರ ಕೂರಿಸಿ ಕಂದಪದ್ಯ, ರಂಗಗೀತೆ ತಿದ್ದುತ್ತಾರೆ. ಪಾತ್ರಕ್ಕೆ ಇಂತಿಷ್ಟು ಎಂದು ನಟರೇ ಹಣ ಹಾಕಬೇಕು; ದುರ್ಯೋಧನನಿಗೂ ಕೃಷ್ಣನಿಗೂ ದರ ಹೆಚ್ಚು. ಊರ ಬಾಗಿಲಲ್ಲಿ ನಟರ ಭಾವಚಿತ್ರದ ಫ್ಲೆಕ್ಸ್, ಬಾಡಿಗೆಗೆ ತಂದ ಸೀನರಿ, ಝಗಮಗಿಸುವ ಕಿರೀಟ. ಮಧ್ಯರಾತ್ರಿಯ ಮೇಲೆ ಭೀಮನೋ ಕರ್ಣನೋ ತಾರಸ್ಥಾಯಿಗೆ ಏರಿದಾಗ ಕೆಳಗಿನಿಂದ ‘ಒನ್ಸ್ ಮೋರ್’. ನೆಂಟರು ರಂಗವೇರಿ ನೋಟಿನ ಹಾರ ಹಾಕುತ್ತಾರೆ, ಯುದ್ಧ ಐದು ನಿಮಿಷ ನಿಲ್ಲುತ್ತದೆ, ಶತ್ರುವೂ ಪಕ್ಕದಲ್ಲಿ ನಿಂತು ಫೋಟೊಗೆ ಮುಖ ಕೊಡುತ್ತಾನೆ. ಆಟವೂ ಅಭಿಮಾನವೂ ಒಂದೇ ರಂಗದ ಮೇಲೆ ಹೀಗೆ ಕೈಹಿಡಿದು ನಿಲ್ಲುವ ದೃಶ್ಯ ಸ್ಟಾಕ್‌ಹೋಮಿನಲ್ಲಿ ದುರ್ಲಭ.

ಈ ವೈಭವಕ್ಕೆ ಮೂಲಪೀಠ ಇದೇ ಜಿಲ್ಲೆಯ ಗುಬ್ಬಿ. 1884ರಲ್ಲಿ ಅಲ್ಲಿ ಹುಟ್ಟಿದ ನಾಟಕ ಕಂಪನಿ ವೀರಣ್ಣನವರ ಕೈಯಲ್ಲಿ ದಕ್ಷಿಣ ಭಾರತದ ವಿಸ್ಮಯವಾಯಿತು. ಅವರ ‘ಕುರುಕ್ಷೇತ್ರ’ದಲ್ಲಿ ರಂಗದ ಮೇಲೆ ನಿಜವಾದ ಆನೆ-ಕುದುರೆಗಳೇ ಬಂದವು. ತಂದೆ ಪುಟ್ಟಸ್ವಾಮಯ್ಯನವರ ಜೊತೆಯಲ್ಲಿ ಇದೇ ಕಂಪನಿಯ ಅಂಗಳದಲ್ಲಿ ಪಳಗಿದ ಬಾಲಕ ಮುತ್ತುರಾಜ 1954ರ ‘ಬೇಡರ ಕಣ್ಣಪ್ಪ’ದಿಂದ ರಾಜ್‌ಕುಮಾರ್ ಆದರು, ಅಭಿಮಾನಿಗಳನ್ನೇ ದೇವರೆಂದು ಕರೆದರು. ಅದಕ್ಕೂ ಎಷ್ಟೋ ಮುಂಚೆ ಶಿರಾ ಸೀಮೆಯ ಕಾಡುಗೊಲ್ಲರು ತಮ್ಮ ನಾಯಕನನ್ನು ಕಂಡುಕೊಂಡಿದ್ದರು: ಜುಂಜಪ್ಪ. ದನಗಾಹಿ ವೀರ, ಸೋದರಮಾವಂದಿರ ಸಂಚಿಗೆ ಗುರಿಯಾದವನು, ಬಡಮೈಲನೆಂಬ ಹೋರಿಯ ಒಡನಾಡಿ. ಕಳುವರಹಳ್ಳಿಯ ಜುಂಜಪ್ಪನ ಗುಡ್ಡೆ ಅವನ ಕ್ಷೇತ್ರ. ‘ಗಣೆ’ಯೆಂಬ ನೀಳ ಬಿದಿರಿನ ಕೊಳಲನ್ನು ನುಡಿಸುತ್ತ, ನಡುನಡುವೆ ಹಾಡುತ್ತ, ಗಾಯಕರು ರಾತ್ರಿಯಿಡೀ ಅವನ ಮಹಾಕಾವ್ಯವನ್ನು ಬಿಡಿಸುತ್ತಾರೆ. ಅಧ್ಯಾಯದಿಂದ ಅಧ್ಯಾಯಕ್ಕೆ ಕಠಿಣವಾಗುವ ಸವಾಲು, ಬೆನ್ನಿಗಿರುವ ಪ್ರಾಣಿಸಂಗಾತಿ, ಒಳಗಿನವರದೇ ದ್ರೋಹ. ಇಂದಿನ ಆಟಗಳ ಕಥಾಶಾಲೆ ಕಲಿಸುವ ಪಾಠವೆಲ್ಲ ಇಲ್ಲಿ ಕಂಠಸ್ಥವಾಗಿದೆ.

ಪಾವಗಡದ ಅಭಿಮಾನಕ್ಕೆ ಎರಡು ನಾಲಿಗೆ. ಮೂರು ದಿಕ್ಕಿನಲ್ಲಿ ಆಂಧ್ರ ಸುತ್ತುವರಿದ ತಾಲ್ಲೂಕು ಇದು; ಸಂತೆಯಲ್ಲಿ ಕನ್ನಡ ತೆಲುಗುಗಳು ಒಂದೇ ವಾಕ್ಯದಲ್ಲಿ ಬೆರೆಯುತ್ತವೆ. ಗಡಿಯಾಚೆಯ ಹಿಂದೂಪುರ 1985, 1989 ಮತ್ತು 1994ರಲ್ಲಿ ಎನ್.ಟಿ. ರಾಮರಾಯರನ್ನು ವಿಧಾನಸಭೆಗೆ ಕಳಿಸಿದ ಕ್ಷೇತ್ರ. 2014ರಿಂದ ಅದರ ಪ್ರತಿನಿಧಿ ಅವರ ಮಗ, ನಟ ಬಾಲಕೃಷ್ಣ. ತೆರೆಯ ಮೇಲಿನ ಆರಾಧನೆ ಮತಪೆಟ್ಟಿಗೆಯವರೆಗೆ ನಡೆದು ಬಂದದ್ದನ್ನು ಈ ಭಾಗದ ಜನ ಹತ್ತಿರದಿಂದಲೇ ಕಂಡವರು. 2022ರ ಮಾರ್ಚ್ 19ರಂದು ನೆರೆಯ ಚಿಕ್ಕಬಳ್ಳಾಪುರದಲ್ಲಿ ‘ಆರ್‌ಆರ್‌ಆರ್’ ಚಿತ್ರದ ಬಿಡುಗಡೆ ಪೂರ್ವ ಸಮಾರಂಭಕ್ಕೆ ಜನಸಾಗರವೇ ಸೇರಿತು. ಅದಕ್ಕೆ ಎರಡು ದಿನ ಮುಂಚೆ ಪುನೀತರ ಜನ್ಮದಿನದಂದು ‘ಜೇಮ್ಸ್’ ತೆರೆಕಂಡಿತ್ತು. ಎರಡಕ್ಕೂ ಶಿಳ್ಳೆ ಹಾಕಿದ ತುಟಿಗಳು ಗಡಿನಾಡಿನಲ್ಲಿ ಬಹಳ.

ಇದೇ ಹುಚ್ಚು ಸ್ವೀಡನ್ನಿಗೂ ಭಾರತಕ್ಕೂ ಒಮ್ಮೆ ವಿನೋದದ ಕದನವನ್ನೇ ತಂದಿಟ್ಟಿತ್ತು. ಗೋಥೆನ್‌ಬರ್ಗ್‌ನ ಫೆಲಿಕ್ಸ್ ಶೆಲ್ಬರ್ಗ್, ಲೋಕಕ್ಕೆ ‘ಪ್ಯೂಡಿಪೈ’, ಎಂಜಿನಿಯರಿಂಗ್ ಓದು ಅರ್ಧಕ್ಕೆ ಬಿಟ್ಟು ಯೂಟ್ಯೂಬ್‌ನಲ್ಲಿ ವಿಡಿಯೊ ಗೇಮ್ ಆಡುತ್ತ ಹರಟಿ ತಾರೆಯಾದವನು. ಅತಿ ಹೆಚ್ಚು ಚಂದಾದಾರರ ಪಟ್ಟವನ್ನು 2013ರಿಂದ ಹಿಡಿದಿದ್ದ ಆತನನ್ನು ನಮ್ಮ ಸಂಗೀತ ಕಂಪನಿ ಟಿ-ಸಿರೀಸ್ ಬೆನ್ನಟ್ಟಿತು. 2018-19ರ ಆ ಚಳಿಗಾಲ ಅವನ ಅಭಿಮಾನಿಗಳು ಅಪರಿಚಿತರ ಪ್ರಿಂಟರುಗಳಿಗೆ ನುಸುಳಿ ಮತಯಾಚನೆಯ ಕರಪತ್ರ ಮುದ್ರಿಸಿದರು, ಜಾಹೀರಾತು ಫಲಕಗಳನ್ನು ಕೊಂಡರು. ಅವನ ಅಣಕು ಹಾಡುಗಳ ಮೇಲೆ ದಿಲ್ಲಿ ಹೈಕೋರ್ಟ್ ತಡೆಯನ್ನೂ ನೀಡಿತು. 2019ರ ಏಪ್ರಿಲ್‌ನಲ್ಲಿ ಟಿ-ಸಿರೀಸ್ ಮುಂದೆ ಹೋಯಿತು. ಈ ಗದ್ದಲದ ನಡುವೆಯೇ ಆತ ನೇರಪ್ರಸಾರ ನಡೆಸಿ ಭಾರತದ ಮಕ್ಕಳಿಗಾಗಿ ದುಡಿಯುವ ‘ಕ್ರೈ’ ಸಂಸ್ಥೆಗೆ ನಿಧಿ ಕೂಡಿಸಿದ್ದು ಮಾತ್ರ ಅಷ್ಟು ಸುದ್ದಿಯಾಗಲಿಲ್ಲ. ಕಟೌಟಿಗೆ ಹಾಲೆರೆಯುವವರನ್ನು ಕಂಡು ಮೂಗು ಮುರಿಯುವವರು ಈ ಪ್ರಸಂಗವನ್ನು ನೆನೆಯಬೇಕು. ಅಭಿಮಾನದ ಉನ್ಮಾದಕ್ಕೆ ಶೀತ ದೇಶ, ಉಷ್ಣ ದೇಶ ಎಂಬ ಭೇದವಿಲ್ಲ. ಆದರೆ 2024ರ ಜನವರಿಯಲ್ಲಿ ಗದಗ ಜಿಲ್ಲೆಯ ಸೂರಣಗಿಯಲ್ಲಿ ನಟನ ಹುಟ್ಟುಹಬ್ಬದ ಬ್ಯಾನರ್ ಕಟ್ಟಲು ಹೋದ ಮೂವರು ತರುಣರು ವಿದ್ಯುತ್ ತಗುಲಿ ಸತ್ತದ್ದನ್ನೂ ಮರೆಯಲಾಗದು. ಪುನೀತರ ನಿಧನಾನಂತರ ಸಾವಿರಾರು ಜನ ನೇತ್ರದಾನಕ್ಕೆ ಹೆಸರು ಬರೆಸಿದರಲ್ಲ, ಅಭಿಮಾನ ತಲುಪಬಹುದಾದ ಎತ್ತರ ಅದು.

ತಂತ್ರಜ್ಞಾನ ಮತ್ತು ಅಭಿಮಾನ ಬೆರೆತ ಒಂದು ವಿಷಯದಲ್ಲಂತೂ ಕನ್ನಡವೇ ಮುಂದು. ಸ್ವೀಡನ್ನಿನ ಹೆಮ್ಮೆಯ ಗಾಯನತಂಡ ‘ಆಬ್ಬಾ’ 2022ರ ಮೇ ತಿಂಗಳಲ್ಲಿ ಲಂಡನ್ನಿನಲ್ಲಿ ತಮ್ಮ ತಾರುಣ್ಯದ ಡಿಜಿಟಲ್ ರೂಪಗಳನ್ನು ವೇದಿಕೆಗೇರಿಸಿದಾಗ ಜಗತ್ತು ಬಾಯಿ ಮೇಲೆ ಬೆರಳಿಟ್ಟಿತು. ಅದಕ್ಕಿಂತ ಐದೂವರೆ ವರ್ಷ ಮೊದಲೇ, 2016ರ ಅಕ್ಟೋಬರ್‌ನಲ್ಲಿ ತೆರೆಕಂಡ ಕೋಡಿ ರಾಮಕೃಷ್ಣ ನಿರ್ದೇಶನದ ‘ನಾಗರಹಾವು’ ಚಿತ್ರದಲ್ಲಿ, 2009ರ ಕೊನೆಯಲ್ಲಿ ಅಗಲಿದ ವಿಷ್ಣುವರ್ಧನ್ ಗಣಕದ ಕೈಚಳಕದಿಂದ ಮತ್ತೆ ಕಾಣಿಸಿಕೊಂಡಿದ್ದರು. ಬೇರೊಬ್ಬರ ದೇಹಕ್ಕೆ ಅವರ ಮುಖವನ್ನು ಕೂಡಿಸಿದ ಆ ಪ್ರಯೋಗ ಕಲೆಯಾಗಿ ಎಷ್ಟು ಗೆದ್ದಿತೆಂಬ ವಾದ ಇರಲಿ. ಚಿತ್ರಮಂದಿರದಲ್ಲಿ ಆ ಮುಖ ಕಂಡಾಗ ಎದ್ದ ಕೇಕೆ ನಿಜವಾದದ್ದು.

ಹಾಗಾದರೆ ವಿಡಿಯೊ ಗೇಮ್ ನಿರ್ಮಾಣದಲ್ಲಿ ನಾವೆಲ್ಲಿದ್ದೇವೆ? ಇಲ್ಲಿಯೂ ಸ್ವೀಡನ್ನಿನ ಎಳೆ ಸಿಗುತ್ತದೆ. ರಾಜೇಶ್ ರಾವ್ ಬೆಂಗಳೂರಿನಲ್ಲಿ ಕಟ್ಟಿದ ‘ಧ್ರುವ ಇಂಟರಾಕ್ಟಿವ್’ ದೇಶದ ಅತ್ಯಂತ ಹಳೆಯ ಗೇಮ್ ಸ್ಟುಡಿಯೊಗಳಲ್ಲಿ ಒಂದು. ತೊಂಬತ್ತರ ದಶಕದ ಕೊನೆಯಲ್ಲಿ ಭಾರತದಲ್ಲಿ ಈ ವೃತ್ತಿಗೆ ಹೆಸರೇ ಇರಲಿಲ್ಲ. ಕಾರು, ಕಟ್ಟಡ, ಮರಗಿಡ, ಆಯುಧಗಳನ್ನು ಮೂರು ಆಯಾಮದಲ್ಲಿ ಕಡೆದು ಹೊರದೇಶದ ಆಟಗಳಿಗೆ ಒದಗಿಸುತ್ತ ಅದು ಕೀರ್ತಿ ಗಳಿಸಿತು. ‘ಪೇಡೇ’ ಆಟದ ಹಿಂದಿನ ಸ್ಟಾಕ್‌ಹೋಮ್ ಕಂಪನಿ ಸ್ಟಾರ್‌ಬ್ರೀಜ್ ಧ್ರುವದ ಬಹುಪಾಲನ್ನು ಕೊಳ್ಳುವುದಾಗಿ 2016ರ ಡಿಸೆಂಬರ್‌ನಲ್ಲಿ ಘೋಷಿಸಿತು. ಬೆಂಗಳೂರಿನ ಕಲಾವಿದರು ಸ್ವೀಡಿಷ್ ಮನೆತನದವರಾದರು. ಆದರೆ ಸ್ಟಾರ್‌ಬ್ರೀಜ್ ಹಣಕಾಸಿನ ಸುಳಿಗೆ ಸಿಲುಕಿ 2019ರಲ್ಲಿ ಧ್ರುವವನ್ನು ‘ಗ್ರ್ಯಾಂಡ್ ಥೆಫ್ಟ್ ಆಟೊ’ ಖ್ಯಾತಿಯ ರಾಕ್‌ಸ್ಟಾರ್‌ಗೆ ಮಾರಿತು. ಸಂಬಂಧ ಅಲ್ಪಾಯುವಾಯಿತು, ಕೈಗಳ ಕುಶಲತೆ ಉಳಿಯಿತು. ಜಗತ್ತಿನ ದುಬಾರಿ ಆಟಗಳ ಬೀದಿದೀಪ, ಬಾಗಿಲ ಚಿಲಕ ಇಲ್ಲಿ ರೂಪುಗೊಳ್ಳುತ್ತವೆ. ಮಧುಗಿರಿಯ ಬಾಗಿಲಿಗೆ ಮಾತ್ರ ಇನ್ನೂ ಯಾರೂ ಚಿಲಕ ಕೆತ್ತಿಲ್ಲ.

ಸಾಮಗ್ರಿಗೆ ಕೊರತೆಯಂತೂ ಇಲ್ಲ. ಚಿಕ್ಕದೇವರಾಜ ಒಡೆಯರು 1678ರಲ್ಲಿ ಗೆದ್ದ ಮಧುಗಿರಿ ಕೋಟೆ. 1763ರಲ್ಲಿ ಕೆಳದಿ ಬಿದ್ದ ಮೇಲೆ ಹೈದರಾಲಿ ಅದೇ ಕೋಟೆಯಲ್ಲಿ ಸೆರೆಯಿಟ್ಟ ರಾಣಿ ವೀರಮ್ಮಾಜಿ, 1767ರಲ್ಲಿ ಮರಾಠರಿಂದ ಅವಳ ಬಿಡುಗಡೆ, ಪುಣೆಯ ದಾರಿಯಲ್ಲಿ ಅವಳ ಮರಣ. ಇದೊಂದೇ ಸಾಕು ಒಂದು ಮಹಾನ್ ಆಟಕ್ಕೆ. 1687ರಿಂದ ಮೊಗಲರ ಸುಬಾದ ರಾಜಧಾನಿಯಾಗಿ ಮೆರೆದ ಶಿರಾದಲ್ಲಿ 1651ರ ಮಲಿಕ್ ರಿಹಾನ್ ದರ್ಗಾವೂ 1696ರ ಜಾಮಿಯಾ ಮಸೀದಿಯೂ ನಿಂತಿವೆ. ಕೊರಟಗೆರೆಯ ಸಿದ್ಧರಬೆಟ್ಟದ ಗವಿಗಳು ಗುಪ್ತಮಾರ್ಗಗಳ ಕಲ್ಪನೆಗೆ ಹೇಳಿ ಮಾಡಿಸಿದವು. ಪಾವಗಡಕ್ಕೆ ನಿಡುಗಲ್ಲಿನ ಪ್ರಾಚೀನ ದುರ್ಗವಿದೆ, ಜೊತೆಗೆ ಸುಮಾರು 13,000 ಎಕರೆಯಲ್ಲಿ ಹರಡಿದ 2,050 ಮೆಗಾವಾಟ್‌ನ ಸೌರ ಉದ್ಯಾನ: ಗುಡ್ಡದ ಮೇಲಿಂದ ನೋಡಿದರೆ ನೀಲಿ ಫಲಕಗಳ ಕಡಲು. ವೈಜ್ಞಾನಿಕ ಕಥೆಯ ಆಟಕ್ಕೆ ಇದಕ್ಕಿಂತ ಸಿದ್ಧ ದೃಶ್ಯ ಬೇಕೆ?

ಸರ್ಕಾರದ ಕಡೆಯಿಂದ ದಾರಿ ಮುಚ್ಚಿಲ್ಲ. ಅನಿಮೇಷನ್ ಮತ್ತು ಗೇಮಿಂಗ್ ಕ್ಷೇತ್ರಕ್ಕೆ ಪ್ರತ್ಯೇಕ ನೀತಿಯನ್ನು ದೇಶದಲ್ಲಿ ಮೊದಲು ರೂಪಿಸಿದ ರಾಜ್ಯ ಕರ್ನಾಟಕ, 2012ರಲ್ಲಿ. ಈಗ ಜಾರಿಯಲ್ಲಿರುವುದು 2024-29ರ ಮೂರನೆಯ ನೀತಿ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಕಾನೂನಿನಿಂದ ನಿಷೇಧಿಸಿ, ಇ-ಕ್ರೀಡೆಗೆ ಮಾನ್ಯತೆ ನೀಡಿದ್ದು ಒಳಿತೇ ಆಯಿತು. ಜೂಜನ್ನೂ ಆಟವನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತಿದ್ದ ಪೋಷಕರಿಗೆ ವ್ಯತ್ಯಾಸ ಸ್ಪಷ್ಟವಾಯಿತು. ಇನ್ನು ಸ್ವೀಡನ್ನಿನಿಂದ ಎರವಲು ತರಬೇಕಾದ ಮಾದರಿಯೊಂದಿದೆ. ಮೊಯಾಂಗ್ ಮತ್ತು ವಿಶ್ವಸಂಸ್ಥೆಯ ಯುಎನ್-ಹ್ಯಾಬಿಟಾಟ್ 2012ರಲ್ಲಿ ಕೈಜೋಡಿಸಿ ಆರಂಭಿಸಿದ ‘ಬ್ಲಾಕ್ ಬೈ ಬ್ಲಾಕ್’ ಯೋಜನೆಯಲ್ಲಿ ಸಾಮಾನ್ಯ ಜನರೇ ಮೈನ್‌ಕ್ರಾಫ್ಟ್‌ನಲ್ಲಿ ತಮ್ಮ ಊರಿನ ಮೈದಾನ, ಉದ್ಯಾನಗಳನ್ನು ಕಟ್ಟಿ ತೋರಿಸುತ್ತಾರೆ; ನೈರೋಬಿಯ ಕಿಬೆರಾ ಕೊಳೆಗೇರಿಯಲ್ಲಿ ಹೀಗೆಯೇ ಅದು ಮೊದಲಿಟ್ಟಿತು.

ನಮ್ಮ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಅರಿವು ಕೇಂದ್ರಗಳಾಗಿವೆ. ಹಲವೆಡೆ ಕಂಪ್ಯೂಟರುಗಳು ಬಂದಿವೆ, ಪಕ್ಕದಲ್ಲೇ ಅಳಿಗುಳಿ ಮಣೆಯೂ ಇದೆ. ಈ ನಾಲ್ಕು ತಾಲ್ಲೂಕುಗಳ ಯಾವುದಾದರೂ ಒಂದು ಅರಿವು ಕೇಂದ್ರದ ಮಕ್ಕಳಿಗೆ ಬರುವ ಬೇಸಿಗೆ ರಜೆಯಲ್ಲಿ ಅಳತೆಪಟ್ಟಿ, ಕ್ಯಾಮೆರಾ ಕೊಟ್ಟು ಮಧುಗಿರಿ ಕೋಟೆಯ ಮೊದಲ ಬಾಗಿಲನ್ನು ಮೈನ್‌ಕ್ರಾಫ್ಟ್‌ನಲ್ಲಿ ಕಟ್ಟಿಸಬೇಕು. ಜಿಲ್ಲಾ ಪಂಚಾಯಿತಿಯೂ ಬೆಂಗಳೂರಿನ ಸ್ಟುಡಿಯೊಗಳೂ ಮನಸ್ಸು ಮಾಡಿದರೆ ಇದಕ್ಕೆ ತಗಲುವ ಖರ್ಚು ಒಂದು ಕುರುಕ್ಷೇತ್ರ ನಾಟಕದ ಸೀನರಿ ಬಾಡಿಗೆಗಿಂತ ಹೆಚ್ಚಾಗಲಾರದು.